ಕಲ್ಲು ಇಟ್ಟಿದ್ದ ಬೊಡ್ಡೆ

ಪಕ್ಕದ ಮನೆಯ ಸಿಮೆಂಟ್ ಜಿಂಕೆಗಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಎರಡು ಜಿಂಕೆ, ಒಂದು ಬಾತುಕೋಳಿ, ಸುತ್ತ ಒಂದಿಷ್ಟು ಹುಲ್ಲು. ಚಿಕ್ಕೋಡಿಯಲ್ಲಿ ಮನೆ ಕಟ್ಟಿಸಿ ಮುಂದೆ ಅಂಗಳ ಬಿಟ್ಟಾಗಲೇ ನಮ್ಮ ತೋಟ ಹಾಗಿರಕೂಡದು ಎಂದು ತೀರ್ಮಾನಿಸಿದ್ದೆ. ಹೊಳೆಯಲ್ಲಿ ತೇಲಿ ಬಂದ ಮರದ ಬೊಡ್ಡೆಯನ್ನು ಗಿಡಗಳ ನಡುವೆ ಮಲಗಿಸಿ, ಅದರ ಪೊಟರೆಯಲ್ಲಿ ಬಳ್ಳಿ ನೆಟ್ಟಿದ್ದನ್ನು ಮೊಬೈಲಿನಲ್ಲಿ ನೋಡಿದ್ದೆ. ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಇದು ನನಗೇ ಮೊದಲು ತೋಚಬೇಕಿತ್ತು ಎಂದು ಹೊಟ್ಟೆ ಉರಿಯಿತು.

ಕೃಷ್ಣೆಯ ಮಹಾಪೂರ ಇಳಿದ ಮೇಲೆ ನಾನೂ ನನ್ನವರೂ ಯಡೂರಿಗೆ ಹೋಗಿ, ದೇವರ ದರ್ಶನ ಮುಗಿಸಿ ಹೊಳೆದಂಡೆಗೆ ಇಳಿದೆವು. ಅಲ್ಲಿ ರಾಡಿಯಲ್ಲಿ ಅರ್ಧ ಹೂತ ಉದ್ದನೆಯ ಬೇವಿನ ಬೊಡ್ಡೆ. ತೊಗಟೆಯೆಲ್ಲ ಹೋಗಿ ಮೈ ನುಣ್ಣಗಾಗಿತ್ತು. ಒಂದು ತುದಿಯಲ್ಲಿ ಪೊಟರೆ, ಅದರ ಪಕ್ಕದಲ್ಲೇ ಮುಷ್ಟಿ ಹಿಡಿಸುವಷ್ಟು ದೊಡ್ಡ ಗಂಟಿನ ತಗ್ಗು. ಆ ತಗ್ಗಿನ ಮೇಲೆ ಒಂದು ಕಲ್ಲು.

ಹೊಳೆಸಾಲಿನ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪೂರದಲ್ಲಿ ಬಂದ ಕಟ್ಟಿಗೆಯ ಮೇಲೆ ಮೊದಲು ಯಾರು ಕಲ್ಲಿಡುತ್ತಾರೋ ಅದು ಅವರದು. ಅವರು ಒಯ್ಯುವುದು ತಿಂಗಳು ತಡವಾದರೂ ಮತ್ತೊಬ್ಬರು ಮುಟ್ಟುವುದಿಲ್ಲ.

“ಯಾರೋ ಕಲ್ಲ ಇಟ್ಟಾರ. ಬ್ಯಾಡ, ನಡಿ,” ಎಂದರು ನನ್ನವರು.

“ನೀರಾಗ ಉಳ್ಳಿ ಬಂದ ಕುಂತಿರಬೇಕ್ರಿ,” ಎಂದೆ.

ಕಲ್ಲು ತಾನಾಗಿ ಕಟ್ಟಿಗೆ ಹತ್ತಿ ಕೂರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದನ್ನು ಎರಡೂ ಕೈಯಿಂದ ಎತ್ತಿ ಹೊಳೆಗೆ ಎಸೆದೆ. ಅವರು ಬೇರೆ ಕಡೆ ಮುಖ ಮಾಡಿ ನಿಂತರು.

ಬೊಡ್ಡೆ ಟಂಟಂ ಗಾಡಿಯಲ್ಲಿ ಚಿಕ್ಕೋಡಿಗೆ ಬಂತು. ನಮ್ಮ ಅಂಗಳಕ್ಕೆ ಉದ್ದವಾಯಿತೆಂದು ಕಟ್ಟಿಗೆ ಅಡ್ಡೆಯಲ್ಲಿ ಎರಡು ತುಂಡು ಮಾಡಿಸಿದೆ. ಪೊಟರೆ ಇದ್ದ ತುಂಡನ್ನು ತಂತಿ ಬ್ರಶ್ಶಿನಿಂದ ತಿಕ್ಕಿ, ವಾರಗಟ್ಟಲೆ ಬಿಸಿಲಿಗೆ ಒಣಗಿಸಿ, ವಾರ್ನಿಶ್ ಬಳಿದು, ಸುತ್ತ ಬಿಳಿ ಹರಳು ಸುರಿದೆ. ಉಳಿದ ತುಂಡನ್ನು ಒಡೆಸಿ ಬಚ್ಚಲು ಒಲೆಯ ಪಕ್ಕ ಒಟ್ಟಿಸಿದೆ. ಜಿಂಕೆಯ ಮನೆಯವರು ಬಂದು ಫೋಟೋ ತೆಗೆದುಕೊಂಡು ಹೋದರು. ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಆಮೇಲೆ ಒಂದು ಸಂಜೆ ಯಡೂರಿನಿಂದ ಚಿಗವ್ವ ಬಂದಳು. ನನ್ನ ಅವ್ವನ ತಂಗಿ. ಕಣ್ಣಿಗೆ ಪೊರೆ ಬಂದಿತ್ತು. ಮರುದಿನ ಹತ್ತು ಗಂಟೆಗೆ ದವಾಖಾನೆಯಲ್ಲಿ ತೋರಿಸಬೇಕಿತ್ತು. ಊಟಕ್ಕೆ ಕುಳಿತಾಗ ಮನೆಯ ಸುದ್ದಿ ತೆಗೆದಳು. ಪೂರದಲ್ಲಿ ಬಿದ್ದ ಖೋಲಿಯ ಗೋಡೆ ಮತ್ತೆ ಎದ್ದಿತ್ತು, ಬಾಗಿಲು ಮಾತ್ರ ಆಗಿರಲಿಲ್ಲ.

“ದಂಡಿ ಮ್ಯಾಲೆ ಒಂದ ಬೇವಿನ ಬೊಡ್ಡಿ ಸಿಕ್ಕಿತ್ತ. ಚೌಕಟ್ಟ, ಬಾಗಲಾ ಎರಡೂ ಆಗತಿತ್ತ. ಕಲ್ಲ ಇಟ್ಟ ಬಂದಿದ್ದೆ. ಬಡಿಗ್ಯಾನ್ನ ಕರಕೊಂಡ ಹೋಗೂದ್ರಾಗ ಯಾರೋ ಒಯ್ದಾರ. ಮಗಳು ಹಡ್ಯಾಕ ಬರತಾಳ. ಬಾಗಲಾ ಇಲ್ಲದ ಖೋಲ್ಯಾಗ ಕೂಸಿನ್ನ ಹ್ಯಾಂಗ ಮಲಗಸ್ಲಿ?”

ನನ್ನವರು ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದರು.

“ಕಲ್ಲ ಇಟ್ಟದ್ದ ಒಯ್ಯೂ ಮಂದಿ ನಮ್ಮ ಕಡೆ ಇಲ್ಲವ್ವಾ,” ಎಂದಳು ಚಿಗವ್ವ. “ಹೊರಗಿನವರ ಇರಬೇಕ.”

ಹೇಳಿಬಿಡಬೇಕು ಎನ್ನಿಸಿತು. ಬಾಯಿ ಬರಲಿಲ್ಲ. ಆಕೆಯ ಕಣ್ಣು ಮಂಜಾಗಿದೆ, ಅಂಗಳದಲ್ಲಿರುವುದು ಕಾಣಿಸಲಿಕ್ಕಿಲ್ಲ ಎಂದು ಸಮಾಧಾನವಾಯಿತು. ಆ ಸಮಾಧಾನಕ್ಕೆ ಈಗಲೂ ನನಗೆ ನನ್ನ ಮೇಲೆ ಅಸಹ್ಯವಿದೆ.

ಬೆಳಿಗ್ಗೆ ಹಂಡೆ ತುಂಬ ನೀರು ಕಾಯಿಸಿ ಆಕೆಗೆ ತಲೆಗೆ ಎರೆದೆ. ಚಹಾ ಸೋಸುತ್ತಿದ್ದಾಗ ಬಾಗಿಲು ತೆರೆದ ಸದ್ದಾಯಿತು. ಕಪ್ಪು ಹಿಡಿದು ಓಡಿದೆ. ಕೂದಲು ಒಣಗಿಸಲು ಬಿಸಿಲು ಹುಡುಕಿಕೊಂಡು ಹೋದ ಚಿಗವ್ವ ಬೊಡ್ಡೆಯ ಮೇಲೆಯೇ ಕುಳಿತಿದ್ದಳು.

“ಚಿಗವ್ವ, ಒಳಗ ಬಾ. ಹರಳ ಚುಚ್ಚತಾವ.”

ಆಕೆ ಏಳಲಿಲ್ಲ. ಕಪ್ಪು ತೆಗೆದುಕೊಂಡಳು. ಇನ್ನೊಂದು ಕೈ ಕಟ್ಟಿಗೆಯ ಮೈಮೇಲೆ ಸುಮ್ಮನೆ ಆಡುತ್ತಿತ್ತು. ಪೊಟರೆಯ ಬಳ್ಳಿ ಮುಟ್ಟಿತು, ಪಕ್ಕಕ್ಕೆ ಸರಿಯಿತು. ಬೆರಳುಗಳು ಗಂಟಿನ ತಗ್ಗಿಗೆ ಇಳಿದು ಅಲ್ಲಿಯೇ ನಿಂತವು.

“ಈ ತಗ್ಗಿನಾಗ ಕಲ್ಲ ಕುಂದರಿಸಿದ್ದೆ,” ಎಂದಳು. “ಉಳ್ಳಿ ಬೀಳಬಾರದಂತ.”

ಆಕೆಯ ಕೈ ತಡವರಿಸುತ್ತ ಗರಗಸ ಆಡಿದ ತುದಿಯವರೆಗೆ ಹೋಯಿತು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಇನ್ನರ್ಧಾ ಎಲ್ಲೈತಿ? ಅದರಾಗರ ಚೌಕಟ್ಟ ಆಗತೈತೇನ ನೋಡೂಣು.”

“ಈಗ ನಿನಗ ನೀರ ಹಾಕಿದ್ನಲ್ಲ, ಚಿಗವ್ವ,” ಎಂದೆ. “ಅದನ್ನ ಒಲ್ಯಾಗ ಹಾಕಿ ಕಾಸಿದ್ದೆ.”

ಆಕೆಯ ಕೂದಲಿನಿಂದ ಇನ್ನೂ ನೀರು ಇಳಿಯುತ್ತಿತ್ತು. ಸೆರಗಿನಿಂದ ಅದನ್ನು ಒರೆಸಿಕೊಂಡಳು. ಕುಡಿಯದ ಚಹಾವನ್ನು ನನ್ನ ಕೈಗೆ ಕೊಟ್ಟು, ಯಡೂರಿನ ಬಸ್ಸು ಎಷ್ಟಕ್ಕೆ ಎಂದು ಕೇಳಿದಳು. ಆಗ ಇನ್ನೂ ಎಂಟೂವರೆ. ದವಾಖಾನೆಯ ಬಾಗಿಲು ತೆರೆದಿರಲಿಲ್ಲ.