ಅಕ್ಕೋರ ಹೊಸ ಜೀವಕೋಶಗಳು, ನನ್ನ ಹೊಟ್ಟೆಕಿಚ್ಚು

ನಮಗೆ ಗಣಿತ ಕಲಿಸುತ್ತಿದ್ದ ಅಕ್ಕೋರ ಬೆರಳ ತುದಿಗಳ ತುಂಬ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಸೀಮೆಸುಣ್ಣ ಹಿಡಿದು ಬೆಳ್ಳಗಾದ ಬೆರಳುಗಳಲ್ಲಿ ಅವು ಇನ್ನಷ್ಟು ಎದ್ದು ಕಾಣುತ್ತಿದ್ದವು. ಇಳಕಲ್ಲಿನ ನಮ್ಮ ಸಾಲೆಯ ಹುಡುಗಿಯರು ಅದನ್ನು ಪೆನ್ನಿನ ಮಸಿ ಅಂದುಕೊಂಡಿದ್ದರು. ದಿನಾ ಚುಚ್ಚಿ ರಕ್ತ ನೋಡಿಕೊಂಡ ಗುರುತು ಅದು ಎಂದು ನನಗೆ ತಿಳಿದದ್ದು ಹನ್ನೊಂದನೆಯ ವಯಸ್ಸಿನಲ್ಲಿ, ಅದೇ ಸಕ್ಕರೆ ಕಾಯಿಲೆ ನನಗೂ ಬಂದಾಗ. ಗುಳಿಗೆಗೆ ಬಗ್ಗುವ ಕಾಯಿಲೆಯಲ್ಲ ಇದು. ಇನ್ಸುಲಿನ್ ಚುಚ್ಚಿಕೊಳ್ಳದಿದ್ದರೆ ಜೀವವೇ ಹೋಗುವಂಥದ್ದು.

ಅವ್ವ ಒಂದೇ ಸಮ ಅಳುತ್ತಿದ್ದಳು. "ಈ ಹುಡಿಗೀನ ಮುಂದ ಯಾರು ಮಾಡ್ಕೋತಾರ್ರೀ ಅಕ್ಕೋರ?" ಸುದ್ದಿ ಕೇಳಿ ಬಂದಿದ್ದ ಅಕ್ಕೋರು ನಮ್ಮ ಪಡಸಾಲೆಯಲ್ಲೇ ಕೂತು, ಸೆರಗು ಸರಿಸಿ, ಅವ್ವನ ಕಣ್ಣೆದುರಿಗೇ ಹೊಟ್ಟೆಗೆ ಸೂಜಿ ಚುಚ್ಚಿಕೊಂಡರು. "ನೋಡ್ರಿ, ಸತ್ತೇನೇನು? ಲಗ್ನಾ ಆಗೇತಿ, ಎರಡು ಮಕ್ಕಳದಾವ, ನಿಮ್ಮ ಮಗಳಿಗೆ ಗಣಿತಾ ಕಲಿಸಾಕತ್ತೇನಿ. ಅಕಿಗೇ ಅದು ತಲೀಗೆ ಹತ್ತವಲ್ದು." ಆಮೇಲೆ ನನ್ನ ಕೈಗೆ ಸೂಜಿ ಕೊಟ್ಟರು. ನನ್ನ ಕೈ ಹಿಂದೆ ಸರಿಯಿತು. "ಹಿಂದ ಸರದ್ರ ಎರಡು ಸಲ ಚುಚ್ಚಬೇಕಾಗ್ತೈತಿ ನೋಡವಾ," ಅಂದರು. ಅವರ ಮಾತೇ ಹಾಗೆ. ಸಮಾಧಾನ ಹೇಳುವುದು ಅವರಿಗೆ ಬರುತ್ತಲೇ ಇರಲಿಲ್ಲ, ಮಾರ್ಕು ಕೊಡುವುದರಲ್ಲೂ ಭಾರೀ ಜಿಪುಣರು.

ಅಂದಿನಿಂದ ನಾವಿಬ್ಬರೂ ಒಂದು ಪಂಗಡ. ನಾನು ಓದು ಮುಗಿಸಿ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜೊಂದರ ಗುಮಾಸ್ತಳಾದೆ. ಆದರೂ ತಿಂಗಳಿಗೊಮ್ಮೆ ಇಳಕಲ್ಲಿಗೆ ಹೋಗಿ ಅವರ ಮನೆಯಲ್ಲಿ ಉಣ್ಣಬೇಕು. ಇಬ್ಬರೂ ಕೂಡಿ ಚುಚ್ಚಿಕೊಳ್ಳಬೇಕು, ಕೂಡಿ ರೊಟ್ಟಿ ಎಣಿಸಬೇಕು. ಲೋಕದಲ್ಲಿ ಮಿಕ್ಕವರೆಲ್ಲ ಎಣಿಸದೆ ಉಣ್ಣುತ್ತಾರೆಂದು ಕೂಡಿ ಬಯ್ಯಬೇಕು.

ಅಕ್ಕೋರದು ಶರಣರ ಮನೆತನ. ಬೆಳಗಿನ ಲಿಂಗಪೂಜೆಯಾಗದೆ ಬಾಯಿಗೆ ಏನೂ ಹಾಕುವವರಲ್ಲ. ಚುಚ್ಚಿಕೊಂಡು ಅರ್ಧ ಗಂಟೆಗೆ ಉಣ್ಣಬೇಕೆಂದು ಡಾಕ್ಟರು ಹೇಳಿದ್ದರು. ಅಕ್ಕೋರು ಎರಡನ್ನೂ ಹೊಂದಿಸಿದ್ದರು. ಚುಚ್ಚಿಕೊಂಡು ಪೂಜೆಗೆ ಕೂತರೆ ಪೂಜೆ ಮುಗಿಯುವಷ್ಟರಲ್ಲಿ ಸರಿಯಾಗಿ ಅರ್ಧ ಗಂಟೆ. ಗಡಿಯಾರ ನೋಡುವ ಕೆಲಸವೇ ಇಲ್ಲ. ವರ್ಷಗಟ್ಟಲೆ ಹಾಗೇ ನಡೆಯಿತು. ಆದರೆ ಕಾಯಿಲೆ ಹಳೆಯದಾದಂತೆ ಅವರ ಮೈ ಮುನ್ಸೂಚನೆ ಕೊಡುವುದನ್ನು ಬಿಟ್ಟಿತ್ತು. ಸಕ್ಕರೆ ಇಳಿಯುವಾಗ ನಮಗೆ ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ. ಅವರಿಗೆ ಏನೂ ಇಲ್ಲ, ಸೀದಾ ಕತ್ತಲೆ.

ಶ್ರಾವಣದ ಒಂದು ಸೋಮವಾರ ನಾನು ಅಲ್ಲೇ ಇದ್ದೆ. ಅಕ್ಕೋರು ಎಡ ಅಂಗೈಯಲ್ಲಿ ಲಿಂಗ ಹಿಡಿದು ಅರೆಗಣ್ಣಾಗಿ ಕೂತಿದ್ದರು. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಅವರ ಅತ್ತೆ ಬಾಗಿಲಲ್ಲಿ ಕೈಮುಗಿದು ನಿಂತಿದ್ದರು. "ಗದ್ದಲಾ ಮಾಡಬ್ಯಾಡ್ರಿ, ಇವತ್ತ ಆಕಿ ಮನಸು ನಿಂತೈತಿ," ಅಂದರು. ಗಂಡ ಟಿವಿ ಬಂದ್ ಮಾಡಿದರು. ನಾನೂ ಕೈಮುಗಿದೆ. ಇಷ್ಟು ಏಕಾಗ್ರತೆ ನನಗೆ ಬರಲಿಲ್ಲವಲ್ಲ ಎಂದು ಅದಕ್ಕೂ ಹೊಟ್ಟೆಕಿಚ್ಚುಪಟ್ಟೆ! ಆಗ ಅವರ ಕೈ ಮೆಲ್ಲಗೆ ವಾಲತೊಡಗಿತು. ಲಿಂಗ ಜಾರುವುದರಲ್ಲಿತ್ತು, ಅವರಿಗೆ ಅರಿವಿಲ್ಲ. ಅಕ್ಕೋರಂಥವರು ತಲೆ ಹೋದರೂ ಲಿಂಗ ಜಾರಗೊಡುವವರಲ್ಲ. ನಾನು ಹಾರಿ ಹೋಗಿ ಒಂದು ಕೈಯಲ್ಲಿ ಲಿಂಗ ಹಿಡಿದೆ, ಇನ್ನೊಂದು ಕೈಯಲ್ಲಿ ಅವರ ದವಡೆಯ ಒಳಗೆ ಸಕ್ಕರೆ ತಿಕ್ಕಿದೆ. "ಪೂಜಾ ಮುಗಿದಿಲ್ಲಲೇ ಹುಚ್ಚಿ!" ಎಂದು ಅತ್ತೆ ಕೂಗಿಕೊಂಡರು. ಹತ್ತು ನಿಮಿಷದ ಮೇಲೆ ಅಕ್ಕೋರು ಕಣ್ಣು ಬಿಟ್ಟು, "ಯಾಕ ಎಲ್ಲಾರೂ ಹಿಂಗ ನಿಂತೀರಿ?" ಅಂದರು.

ಅದಾದ ಮೇಲೆ ನಮ್ಮ ಡಾಕ್ಟರು ಒಂದು ದೂರದ ಊರಿನ ದವಾಖಾನೆಯ ಹೆಸರು ಹೇಳಿದರು. ಮಿದುಳು ಸತ್ತವರು ದಾನ ಮಾಡಿದ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನಷ್ಟೇ ಬೇರ್ಪಡಿಸಿ, ಸಣ್ಣ ನಳಿಕೆಯ ಮೂಲಕ ನಮ್ಮ ಲಿವರಿನೊಳಗೆ ಬಿಡುತ್ತಾರಂತೆ. ಅವು ಅಲ್ಲೇ ನೆಲೆನಿಂತು ಕೆಲಸ ಶುರುಮಾಡುತ್ತವಂತೆ. ಮೈ ಅವುಗಳನ್ನು ಪರಕೀಯವೆಂದು ಕೊಲ್ಲದಂತೆ ಜೀವನಪೂರ್ತಿ ಗುಳಿಗೆ ನುಂಗಬೇಕು. ಇಬ್ಬರೂ ಹೋದೆವು. ಅಲ್ಲಿಯ ಡಾಕ್ಟರು ನನ್ನನ್ನು ಕೇಳಿದರು: "ಸಕ್ಕರೆ ಇಳಿಯುವಾಗ ನಿಮಗೆ ಗೊತ್ತಾಗುತ್ತಾ?" ಜಾಣೆ ನಾನು! "ಗೊತ್ತಾಗ್ತೈತ್ರಿ, ಕೈ ನಡಗ್ತಾವ," ಅಂದುಬಿಟ್ಟೆ. "ಹಾಗಾದರೆ ನಿಮಗೆ ಈಗ ಬೇಡ. ಗುಳಿಗೆಗಳ ಅಪಾಯವೇ ಹೆಚ್ಚಾಗುತ್ತೆ," ಅಂದರು. ಅಕ್ಕೋರನ್ನು ಪಟ್ಟಿಗೆ ಸೇರಿಸಿಕೊಂಡರು.

ವಾಪಸು ಬರುವಾಗ ಅಕ್ಕೋರು, "ನಿನ್ನ ಕೈ ಇನ್ನೂ ನಡಗ್ತಾವಲ್ಲ, ಪುಣ್ಯಾ ಮಾಡೀದಿ," ಅಂದರು.

"ಆ ಪುಣ್ಯಾ ನೀವ ಇಟಗೋರಿ," ಅಂದೆ. ಒಂದು ಸುಳ್ಳು ಹೇಳಿದ್ದರೆ ಏನು ಹೋಗುತ್ತಿತ್ತು ಎಂದು ಇಡೀ ದಾರಿ ನನ್ನನ್ನೇ ಬಯ್ದುಕೊಂಡೆ.

ಎಂಟು ತಿಂಗಳ ಮೇಲೆ ಅವರಿಗೆ ಕರೆ ಬಂತು. ಎರಡು ಸಲ ಜೀವಕೋಶ ಬಿಟ್ಟರು. ಆಮೇಲೆ ಚುಚ್ಚಿಕೊಳ್ಳುವ ಇನ್ಸುಲಿನ್ ದಿನದಿನಕ್ಕೂ ಇಳಿಯುತ್ತ ಬಂದು ಒಂದು ದಿನ ಪೂರ್ತಿ ನಿಂತೇಹೋಯಿತು. ಸೂಜಿ, ರಕ್ತ ನೋಡುವ ಪಟ್ಟಿ, ಬೆಲ್ಲದ ಚೂರು ಎಲ್ಲ ತುಂಬಿಕೊಂಡು ಹೊರುತ್ತಿದ್ದ ಚೀಲ ಬಿಟ್ಟು ಅಂಗೈಯಷ್ಟು ಪರ್ಸು ಹಿಡಿದರು. ಆ ಪರ್ಸು ಕಂಡರೆ ನನಗೆ ಮೈಯೆಲ್ಲ ಉರಿ.

ಅದೇ ಖುಷಿಗೆ ನನ್ನನ್ನು ಬನಶಂಕರಿಗೆ ಕರೆದುಕೊಂಡು ಹೋದರು. ದರ್ಶನವಾದ ಮೇಲೆ ಹೊಂಡದ ಹತ್ತಿರ ಪಕ್ಕದೂರು ಚೊಳಚಗುಡ್ಡದಿಂದ ರೊಟ್ಟಿ ಮಾರಲು ಬಂದ ಅಜ್ಜಿಯೊಬ್ಬಳ ಬುಟ್ಟಿಯ ಮುಂದೆ ಕೂತೆವು. ಜೋಳದ ರೊಟ್ಟಿ, ಕಾಳುಪಲ್ಯ, ಕೆನೆಮೊಸರು. ನಾನು ಎಣಿಸಿ, ಚುಚ್ಚಿಕೊಂಡು, ಎರಡು ರೊಟ್ಟಿ ಹಾಕಿಸಿಕೊಂಡೆ. ಅಕ್ಕೋರು ಎಣಿಸಲಿಲ್ಲ. "ಇನ್ನೊಂದು ಕೊಡಬೇ ಯಮ್ಮಾ," ಅಂದರು. ಮತ್ತೆ, "ಇನ್ನೊಂದು." ನನಗೆ ತಡೆಯಲಾಗಲಿಲ್ಲ. "ಉಣ್ರಿ, ಉಣ್ರಿ. ಯಾರೋ ಸತ್ತದ್ದಕ್ಕ ನಿಮಗ ಹಬ್ಬ," ಅಂದೆ.

ಅವರ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. "ಖರೆ ಐತಿ," ಅಂದರು. "ಕೊಟ್ಟವರ ಹೆಸರ ಹೇಳಂಗಿಲ್ಲಂತ. ಗಂಡೋ ಹೆಣ್ಣೋ ಗೊತ್ತಿಲ್ಲ. ದಿನಾ ಪೂಜಾದಾಗ ಅವರ ಸಲುವಾಗಿ ಒಂದು ಪತ್ರಿ ಹೆಚ್ಚಿಗೆ ಏರಿಸ್ತೇನಿ." ಅಷ್ಟು ಹೇಳಿ ಆ ತುತ್ತು ಉಂಡರು. ನಾನು ಕ್ಷಮೆ ಕೇಳಲಿಲ್ಲ. ಎರಡು ವರ್ಷ ಅವರ ಮನೆಯ ಕಡೆ ತಲೆಹಾಕಲಿಲ್ಲ.

ಮತ್ತೆ ಕಂಡದ್ದು ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ. ನಾನು ಇಳಕಲ್ಲಿಗೆ ಹೊರಟಿದ್ದ ಬಸ್ಸು ಅಲ್ಲಿ ಹತ್ತು ನಿಮಿಷ ನಿಂತಿತ್ತು. ಮುಂದಿನ ಸೀಟಿನ ಹೆಂಗಸು ಸೆರಗಿನ ಮರೆಯಲ್ಲಿ ಹೊಟ್ಟೆಗೆ ಇನ್ಸುಲಿನ್ ಪೆನ್ನು ಚುಚ್ಚಿಕೊಳ್ಳುತ್ತಿದ್ದಳು. ನೋಡಿದರೆ ಅಕ್ಕೋರು! ಆ ಕ್ಷಣ ನನ್ನೊಳಗೆ ಮೊದಲು ಎದ್ದದ್ದು ಏನೆಂದು ಬರೆಯಲು ನಾಚಿಕೆಯಾಗುತ್ತದೆ. ಸಂತೋಷ. ಶುದ್ಧ ಸಂತೋಷ.

ಪಕ್ಕಕ್ಕೆ ಹೋಗಿ ಕೂತೆ. "ಯಾವಾಗಿಂದ್ರೀ ಅಕ್ಕೋರ?"

"ವರ್ಷ ಆತು. ಒಂದಿಷ್ಟು ಜೀವಕೋಶ ಸತ್ತಾವಂತ. ಉಳಿದಾವು ಇನ್ನೂ ದುಡಿಯಾಕತ್ತಾವ. ಮೊದಲಿನ ಕಾಲುಭಾಗ ಮದ್ದು ಸಾಕಾಗ್ತೈತಿ."

"ನನಗ್ಯಾಕ ಹೇಳಲಿಲ್ರಿ?"

"ಹೇಳಿದ್ರ ನಿನಗ ಸಂತೋಷ ಆಗ್ತಿತ್ತು. ಈಗ ಆತಿಲ್ಲೋ? ಖರೆ ಹೇಳು."

"ಆತ್ರಿ," ಅಂದೆ. ಕಣ್ಣಲ್ಲಿ ನೀರು ಬಂತು.

ಅಕ್ಕೋರು ಕಂಡಕ್ಟರ್ ತಿರುಗಿ ನೋಡುವ ಹಾಗೆ ನಕ್ಕರು. "ಆಗ್ಲಿ ಬಿಡು. ನಿನಗ ಸಿಕ್ಕು ನನಗ ಸಿಗದಿದ್ರ ನಾ ನಿನ್ನ ಮಾರಿ ಸೈತ ನೋಡ್ತಿರಲಿಲ್ಲ. ಆದ್ರ ಒಂದು ಉಳದೈತಿ ನೋಡು. ಸಕ್ಕರಿ ಇಳಿಯಾಕತ್ತಿತಂದ್ರ ಈಗ ಮೈ ಬೆವರತೈತಿ. ಭಾಳ ವರ್ಷ ಆಗಿತ್ತು ಹಂಗ ಬೆವತು."

ಮತ್ತೆ ಹೊಟ್ಟೆ ಉರಿಯಿತು. ಯಾಕೆಂದರೆ ನನ್ನ ಬೆವರು ಅಷ್ಟರಲ್ಲಿ ನಿಂತುಹೋಗಿತ್ತು. "ನನಗ ಈಗ ಗೊತ್ತಾಗವಲ್ದ್ರಿ," ಅಂದೆ. "ಹ್ವಾದ ತಿಂಗಳ ಆಫೀಸಿನ್ಯಾಗ ಬಿದ್ದಿದ್ದೆ."

ಅಕ್ಕೋರ ನಗು ನಿಂತಿತು. ಇಳಕಲ್ಲು ಬರುವವರೆಗೆ ನನ್ನ ಕೈ ಬಿಡಲಿಲ್ಲ. ಆ ವಾರವೇ ನನ್ನ ಕಾಗದಗಳನ್ನೆಲ್ಲ ತರಿಸಿಕೊಂಡು, ಹೊಂದಿಸಿ, ಆ ದವಾಖಾನೆಗೆ ತಾವೇ ಕಳಿಸಿದರು. ಅಲ್ಲಿಯ ಡಾಕ್ಟರಿಗೆ ಎಷ್ಟು ಸಲ ಫೋನ್ ಮಾಡಿ ಪೀಡಿಸಿದರೋ ಅವರಿಗೇ ಗೊತ್ತು.

ಈ ಚಳಿಗಾಲದಲ್ಲಿ ಅಕ್ಕೋರಿಗೆ ಎದೆಯಲ್ಲಿ ಸೋಂಕಾಯಿತು. ಜೀವಕೋಶಗಳನ್ನು ಕಾಯುವ ಗುಳಿಗೆಗಳು ಮೈಯ ರೋಗ ತಡೆಯುವ ಶಕ್ತಿಯನ್ನು ತಗ್ಗಿಸಿದ್ದವು, ಜ್ವರ ಬಗ್ಗಲಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ನಾನು ಹತ್ತಿರ ಕೂತಿದ್ದೆ. "ಈ ಗುಳಿಗಿ ಸಲುವಾಗಿನ ಹಿಂಗಾತಂತ ಎಲ್ಲಾರೂ ನಿನಗ ಹೇಳ್ತಾರ," ಅಂದರು, ತಡೆತಡೆದು. "ಸುಳ್ಳಲ್ಲ ಅದು. ಹೆದರಿಕಿ ಬರ್ತೈತಿ. ಬರ್ಲಿ. ಹೆದರಿಕೊಂತನ ಹೂಂ ಅನು." ಮೂರನೆಯ ದಿನ ತೀರಿಹೋದರು.

ಕಳೆದ ವಾರ ನನಗೆ ಫೋನ್ ಬಂತು. ನಿಮ್ಮ ಹೆಸರು ಪಟ್ಟಿಗೆ ಸೇರಿದೆ, ಒಪ್ಪಿಗೆಯೇ ಎಂದು ಕೇಳಿದರು. ಹೆದರಿಕೊಳ್ಳುತ್ತಲೇ ಹೂಂ ಅಂದೆ. ಫೋನ್ ಇಟ್ಟವಳೇ ಅಕ್ಕೋರ ನಂಬರು ಒತ್ತಿದೆ, ಅದು ಎರಡು ಸಲ ಬಾರಿಸಿದ ಮೇಲೆ ನೆನಪಾಗಿ ಕಟ್ ಮಾಡಿದೆ. ಮನೆಯಲ್ಲಿ ಹೇಳಿದೆ, ಕಾಲೇಜಿನಲ್ಲಿ ಹೇಳಿದೆ. ಎಲ್ಲರೂ ಸಂತೋಷಪಟ್ಟರು. ನನಗೆ ಬೇಕಾಗಿದ್ದದ್ದು ಅಕ್ಕೋರೊಬ್ಬರ ಹೊಟ್ಟೆಕಿಚ್ಚು.