ಆಟಿಯಲ್ಲಿ ಸಿಕ್ಕಿಬಿದ್ದ ಅಡ್ವಾನ್ಸ್

ಪುತ್ತೂರು ಕಡೆಯ ಸವಣೂರಿನ ಬಾಡಿಗೆ ಮನೆ ಬಿಟ್ಟು ಕಡಬಕ್ಕೆ ಹೋಗುವಾಗ ನಾನು ಒಂದು ತಪ್ಪು ಮಾಡಿದೆ. ಆಟಿ ತಿಂಗಳು ಶುರುವಾಗಲು ನಾಲ್ಕು ದಿನ ಇರುವಾಗ ಮನೆ ಬಿಟ್ಟೆ. ದಿನವೂ ತಾರೀಕು ಹಾಕಿ ಪತ್ರಿಕೆಗೆ ಸುದ್ದಿ ಕಳುಹಿಸುವವರಿಗೆ ತಿಂಗಳ ಲೆಕ್ಕ ತಪ್ಪಿತೇ ಎಂದು ಹೆಂಡತಿ ಆಮೇಲೆ ಕೇಳಿದಳು. ತಪ್ಪಿರಲಿಲ್ಲ. ಕಡಬದ ಮನೆಗೆ ನಾವು ಕಾಲಿಡುವುದಕ್ಕೆ ಆಟಿ ಅಡ್ಡ ಬರಬಾರದೆಂದೇ ಅವಸರ ಮಾಡಿದ್ದೆ. ನಾವು ಬಿಟ್ಟ ಮನೆಗೆ ಬರಬೇಕಾದವರಿಗೂ ಅದೇ ಆಟಿ ಅಡ್ಡ ಬರುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳಲ್ಲಿ ನಮ್ಮ ಕಡೆ ಮದುವೆ ಮಾಡುವುದಿಲ್ಲ, ಹೊಸ ಮನೆಗೆ ಹೋಗುವುದಿಲ್ಲ. ಬಾಡಿಗೆ ಮನೆಯಾದರೂ ಅಷ್ಟೆ. ಮುಂದಿನ ತಿಂಗಳು ಸೋಣ. ಅದು ಬಂದ ಮೇಲೆ ಹಾಲುಕ್ಕಿಸಿ ಒಳಗೆ ಹೋಗುತ್ತಾರೆ. ಸವಣೂರಿನ ನಮ್ಮ ಮಾಲಕರ ಕ್ರಮವೆಂದರೆ, ಹೋದವರ ಅಡ್ವಾನ್ಸನ್ನು ಬಂದವರ ಅಡ್ವಾನ್ಸಿನಿಂದ ಕೊಡುವುದು. ಬರುವವರು ಇಲ್ಲದಿದ್ದರೆ ಹೋದವರಿಗೆ ಹಣ ಇಲ್ಲ.

ನಮ್ಮದು ನಲವತ್ತು ಸಾವಿರ. ಕಡಬ ತಾಲೂಕಾದ ಮೇಲೆ ಅಲ್ಲಿಂದ ಸುದ್ದಿ ಹೆಚ್ಚಾಗಿ, ಅಲ್ಲೇ ಕೂತು ಬರೆಯುವಂತೆ ಪತ್ರಿಕೆಯವರು ಹೇಳಿದ್ದರು. ಕಡಬದ ಮನೆಯ ಅಡ್ವಾನ್ಸಿಗೆ ಹೆಂಡತಿ ತೆಗೆದಿಟ್ಟಿದ್ದ ಹಣ ಕೊಟ್ಟೆವು. ಅವಳು ರವಕೆ ಹೊಲಿಯುವವಳು. ಆ ಹಣ, ಬಟ್ಟೆಯ ಅಂಚು ಬಿಡದಂತೆ ಹೊಲಿಯುವ ಒಂದು ಇಂಟರ್‌ಲಾಕ್ ಮಷಿನಿಗೆಂದು ಕೂಡಿಟ್ಟದ್ದು. ಸುಳ್ಯದಲ್ಲಿ ಅಂಗಡಿ ಮುಚ್ಚುತ್ತಿದ್ದ ಒಬ್ಬ ಹಿರಿಯ ಟೈಲರ್ ಅದನ್ನು ಮಾರುವವರಿದ್ದರು. ಆಟಿಯಲ್ಲಿ ಅದನ್ನು ಅಂಗಡಿಯಿಂದ ಹೊರಗೆ ಕಳುಹಿಸುವುದಿಲ್ಲ ಎಂದು ಅವರೂ ಹೇಳಿದ್ದರು.

"ಸೋಣದ ಮೊದಲ ದಿನ ಬೆಳಿಗ್ಗೆ ಯಾರು ಹಣ ತರ್ತಾರೋ ಅವರಿಗೆ. ಅರಂತೋಡಿನವರು ಇಬ್ಬರು ಕೇಳಿ ಹೋಗಿದ್ದಾರೆ. ನಿಮ್ಮದು ಮೊದಲು ಹೇಳಿದ್ದು ಅಂತ ನಾನು ಕಾಯುದು ಆ ದಿನದವರೆಗೆ ಮಾತ್ರ" ಎಂದಿದ್ದರು.

ಸೋಣ ಬಂದರೆ ಚೌತಿ ದೂರವಿಲ್ಲ. ಚೌತಿಯ ಮೊದಲು ರವಕೆಯ ಕೆಲಸ ತುಂಬ. ಹೊಸ ಊರಿನಲ್ಲಿ ಗಿರಾಕಿ ಹಿಡಿಯಲು ಅದಕ್ಕಿಂತ ಒಳ್ಳೆಯ ಸಮಯ ಅವಳಿಗೆ ಇರಲಿಲ್ಲ. ಅಂದರೆ ನಮಗೆ ಹಣ ಆಟಿ ಮುಗಿಯುವ ಮೊದಲು ಬೇಕು. ಮಾಲಕರಿಗೆ ಹಣ ಬರುವುದು ಆಟಿ ಮುಗಿದ ಮೇಲೆ.

ನಾನು ಮೊದಲ ಸಲ ಕೇಳಲು ಹೋದದ್ದು ಮನೆ ಬಿಟ್ಟು ಹತ್ತನೆಯ ದಿನ. ಮಾಲಕರ ಮನೆ ಅದೇ ಅಂಗಳದ ಆಚೆ ಬದಿಯಲ್ಲಿ. ಅವರು ಚಾವಡಿಯಲ್ಲಿ ಪೇಪರ್ ಓದುತ್ತಿದ್ದರು. ನನ್ನನ್ನು ಕಂಡು ನಿಜವಾಗಿಯೂ ಸಂತೋಷಪಟ್ಟರು. ಇದನ್ನು ದಾಖಲಿಸಬೇಕು. ಹಣ ಕೊಡದವರು ಮುಖ ತಪ್ಪಿಸುತ್ತಾರೆ ಎಂದು ನಾನು ತಿಳಿದಿದ್ದೆ. ಇವರು ಒಳಗಿನಿಂದ ಕೆಸುವಿನೆಲೆಯ ಪತ್ರೊಡೆ ತರಿಸಿದರು.

"ಇಲ್ಲಾಂತ ಹೇಳುದಲ್ಲ ಪೇಪರಿನವರೇ. ಬೇರೆ ಜನ ಬರ್ಲಿ, ಆ ಕ್ಷಣ ಕೊಡುದು" ಎಂದರು. "ಮತ್ತೆ ನಿಮ್ಮ ಮಂಚ ಒಂದು ಒಳಗೆ ಉಂಟು. ಮಂಚ ಬಿಟ್ಟು ಹೋಗಿ ಮನೆ ಬಿಟ್ಟೆ ಅಂದ್ರೆ ಹೇಗೆ? ಗೋಡೆಯಲ್ಲಿ ಮೊಳೆ ಬೇರೆ. ನಾನು ಲೆಕ್ಕ ಮಾಡಿದ್ದೇನೆ. ಹದಿನಾಲ್ಕು."

ಮೊಳೆಗಳು ಹೊಲಿದ ರವಕೆ ತೂಗುಹಾಕಲು ಹೆಂಡತಿ ಹೊಡೆದವು. ಮಂಚ ಪಿಕಪ್‌ನಲ್ಲಿ ಹಿಡಿಸದೆ ಉಳಿದದ್ದು. ಹಲಸಿನ ಮರದ ಹಳೆಯ ಮಂಚ; ಮಳೆಗೆ ನೆನೆಯದಂತೆ ಒಯ್ಯಲು ಒಂದು ಬಿಸಿಲಿನ ದಿನಕ್ಕೆ ಕಾಯುತ್ತಿದ್ದೆವು.

ಕಡಬಕ್ಕೆ ಬಂದು ಹೇಳಿದಾಗ ಹೆಂಡತಿ ಕೇಳಿದ್ದು ಒಂದೇ ಮಾತು: "ಪತ್ರೊಡೆ ತಿಂದದ್ದನ್ನು ಅಡ್ವಾನ್ಸಿನಲ್ಲಿ ಕಳೀಲಿಲ್ಲ ಅಲ್ವಾ?"

ಎರಡನೆಯ ಸಲ, ಪಾಲೆ ಮರದ ತೊಗಟೆಯ ಕಷಾಯ ಕುಡಿಯುವ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹೋದೆ. ಹಬ್ಬದ ದಿನ ಮನುಷ್ಯ ಸ್ವಲ್ಪ ಮೆತ್ತಗಿರುತ್ತಾನೆ ಎಂಬ ಲೆಕ್ಕಾಚಾರ.

"ಪಾಲೆ ಕಷಾಯ ಕುಡಿದ್ರಾ?" ಮಾಲಕರು ಅಂಗಳದಿಂದಲೇ ಕೇಳಿದರು.

"ಕುಡಿದೇ ಬಂದದ್ದು."

"ಹಾಗಾದ್ರೆ ಮೆಂತೆ ಗಂಜಿ ಉಣ್ಣದೆ ಹೋಗ್ಲಿಕ್ಕಿಲ್ಲ. ಕಷಾಯದ ಉಷ್ಣ ಇಳೀಬೇಕಲ್ಲ."

ಗಂಜಿ ಉಂಡೆ. ಚೆನ್ನಾಗಿತ್ತು. ಹಣದ ಮಾತೆತ್ತಿದಾಗ ಅವರು ಕೈಮುಗಿದು, "ಅಮಾವಾಸ್ಯೆ ದಿನ ಯಾರಾದ್ರೂ ಹಣ ಮನೆಯಿಂದ ಹೊರಗೆ ಹಾಕ್ತಾರಾ ಮಾರಾಯ್ರೆ? ಈ ಆಟಿ ಒಂದು ಕಳೀಲಿ" ಎಂದರು. ಅವರ ಮೇಲೆ ಸಿಟ್ಟು ಬರುವುದು ಕಷ್ಟವಾಗಿತ್ತು. ಸಿಟ್ಟು ಬಂದರೂ ಬಾಯಲ್ಲಿ ಗಂಜಿ ಇತ್ತು.

ಹಿಂದೆ ಬರುವಾಗ ಬೈಕಿನ ಮೇಲೆ ಒಂದು ತೀರ್ಮಾನಕ್ಕೆ ಬಂದೆ. ಮನೆಗೆ ಜನ ಬಾರದೆ ಹಣ ಬಾರದು. ಹಾಗಾದರೆ ಜನವನ್ನು ನಾನೇ ಹುಡುಕಬೇಕು; ಆಟಿ ಎಂದರೆ ಹೆದರದ ಜನವನ್ನು. ಪತ್ರಿಕೆಯಲ್ಲಿ ನನ್ನ ಸ್ವಂತ ಕೆಲಸಕ್ಕೆ ಒಂದು ಸಾಲನ್ನೂ ನಾನು ಬಳಸುವುದಿಲ್ಲ. ಸವಣೂರು ಪೇಟೆಯ ಹೋಟೆಲಿನಲ್ಲಿ ಹೇಳಿದೆ, ಪುತ್ತೂರು ಬಸ್ಸಿನ ಕಂಡಕ್ಟರಿಗೆ ಹೇಳಿದೆ. ನಾಲ್ಕನೆಯ ದಿನ ಫೋನ್ ಬಂತು. ವಿಜಯಪುರದ ಕಡೆಯ ಟೀಚರ್ ಒಬ್ಬರು ಸವಣೂರಿನ ಹತ್ತಿರದ ಶಾಲೆಗೆ ಬಂದಿದ್ದರು. ಪುತ್ತೂರಿನ ಒಂದು ರೂಮಿನಲ್ಲಿದ್ದು ದಿನವೂ ಮಳೆಯಲ್ಲಿ ಓಡಾಡುತ್ತಿದ್ದರು. ಕಂಡಕ್ಟರ್ ನಂಬರ್ ಕೊಟ್ಟಿದ್ದ.

"ಮನಿ ಐತೇನ್ರಿ ಸರ?"

"ಉಂಟು. ಆದರೆ ಇದು ಆಟಿ ತಿಂಗಳು. ಇಲ್ಲಿಯವರು ಈಗ ಮನೆ ಹೊಗುವುದಿಲ್ಲ. ನಿಮಗೆ ಅಡ್ಡಿಯಿಲ್ಲವಾ?"

"ನಮ್ಮ ಕಡೆ ಆಷಾಢದಾಗ ಲಗ್ನ ಮಾಡಂಗಿಲ್ರಿ. ಬಾಡಿಗಿ ಮನಿಗೆ ಯಾವ ಆಷಾಢರಿ? ಮನಿ ಹೆಂಗೈತಿ, ಅದನ್ನ ಹೇಳ್ರಿ."

ಹೇಳಬೇಕಾದ್ದು ಮೂರಿತ್ತು. ಏಪ್ರಿಲ್‌ನಲ್ಲಿ ಬಾವಿಯ ನೀರು ಕೆಳಗೆ ಹೋಗುತ್ತದೆ. ಮಳೆಗಾಲದಲ್ಲಿ ಬಚ್ಚಲಿನ ಬಾಗಿಲು ಉಬ್ಬಿ ಮುಚ್ಚುವುದಿಲ್ಲ. ಇವೆರಡನ್ನು ಹೇಳಿದೆ. ಮೂರನೆಯದು, ಬಿಟ್ಟು ಹೋಗುವಾಗ ಅಡ್ವಾನ್ಸ್ ಸುಲಭಕ್ಕೆ ಸಿಗುವುದಿಲ್ಲ ಎಂಬುದು. ಅದನ್ನು ಹೇಳಿದರೆ ಅವರು ಬರಲಿಕ್ಕಿಲ್ಲ. ಅವರು ಬಾರದಿದ್ದರೆ ಮಷಿನು ಅರಂತೋಡಿಗೆ ಹೋಗುತ್ತದೆ. ಹೇಳದಿದ್ದರೆ ನನ್ನ ಹಣ ನನ್ನ ಕೈಗೆ ಬರುತ್ತದೆ, ಅವರ ಹಣ ನನ್ನ ಜಾಗದಲ್ಲಿ ಕೂರುತ್ತದೆ. ಎದುರಿಗೆ ಹೆಂಡತಿ ರವಕೆಗೆ ಹುಕ್ಕು ಹಾಕುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿ, ಹೇಳಿ ಎಂಬಂತೆ ಕೈ ಮಾಡಿದಳು.

ಹೇಳಿದೆ.

"ಅಂದ್ರ ನಾ ಬಂದ್ರ ನಿಮಗ ರೊಕ್ಕ ಬರ್ತದ. ನನಗ ರೊಕ್ಕ ಬರಬೇಕಂದ್ರ ನಾ ಮತ್ತೊಬ್ರನ್ನ ಹುಡುಕಬೇಕು?"

"ಈಗಿನ ಕ್ರಮ ಹಾಗೆ."

"ಖರೇ ಹೇಳಿದ್ರಿ. ರವಿವಾರ ನೋಡಾಕ ಬರ್ತೀನಿ."

ಭಾನುವಾರ ನಾನು, ಹೆಂಡತಿ ಸವಣೂರಿಗೆ ಹೋದೆವು. ಟೀಚರ್ ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಹಾಕಿ, ಬಾವಿ ನೋಡಿ, ಬಚ್ಚಲಿನ ಬಾಗಿಲನ್ನು ಭುಜದಿಂದ ದೂಡಿ ನೋಡಿದರು. ಹೆಂಡತಿ ಬಿಟ್ಟುಬಂದ ಬಸಳೆಯ ಚಪ್ಪರದ ಕೆಳಗೆ ಮಾತ್ರ ತುಂಬ ಹೊತ್ತು ನಿಂತರು. ಆಮೇಲೆ ಎಲ್ಲರೂ ಮಾಲಕರ ಚಾವಡಿಯಲ್ಲಿ ಕೂತೆವು. ಮಾಲಕರ ತಾಯಿ, ಎಂಬತ್ತು ದಾಟಿದವರು, ಗೋಡೆಗೆ ಒರಗಿ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು.

ಟೀಚರ್ ಮನೆ ಒಪ್ಪಿದರು. ಒಂದು ಷರತ್ತು ಹಾಕಿದರು: ಬಿಡುವಾಗ ಕಡೆಯ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸ್ ತೀರುವವರೆಗೆ ಅದರಲ್ಲೇ ಮುರಿದುಕೊಳ್ಳಬೇಕು, ಅದನ್ನು ಕರಾರಿನಲ್ಲಿ ಬರೆಯಬೇಕು.

"ಬರುವ ಮೊದಲೇ ಹೋಗುವ ಲೆಕ್ಕವಾ ಟೀಚರೇ?" ಮಾಲಕರು ನಕ್ಕರು.

"ಬಸ್ ಹತ್ತಿದ ಕೂಡ್ಲೇ ಇಳಿಯೋ ಸ್ಟಾಪ್ ಹೇಳಿ ಟಿಕೆಟ್ ತಗೋತೀವಲ್ರಿ, ಹಂಗ."

ಮಾಲಕರು ಆಗಲಿ ಎಂದರು. ಆದರೆ ಆಟಿ ಎಂಬ ಗೋಡೆ ಹಾಗೇ ಇತ್ತು. "ನಿಮಗೆ ಆಟಿ ಇಲ್ಲದಿರಬಹುದು, ನಮಗೆ ಉಂಟಲ್ಲ? ಖಾಲಿ ಮನೆಗೆ ಆಟಿಯಲ್ಲಿ ಜನ ಕೂರಿಸಿದ ಕ್ರಮ ಈ ಜಾಗದಲ್ಲಿ ಇಲ್ಲ. ಸೋಣಕ್ಕೆ ಬನ್ನಿ. ಹಣವೂ ಆಗ ತನ್ನಿ."

ಹೆಂಡತಿ ನನ್ನ ಮುಖ ನೋಡಿದಳು. ಸೋಣದ ಮೊದಲ ದಿನ ಬೆಳಿಗ್ಗೆ ಸುಳ್ಯದಲ್ಲಿ ಹಣ ಕೊಡಬೇಕು. ಅದೇ ದಿನ ಇಲ್ಲಿ ಹಾಲುಕ್ಕಿ, ಹಣ ಎಣಿಸಿ, ನಮ್ಮ ಕೈಗೆ ಬರುವಾಗ ಅರಂತೋಡಿನವರು ಮಷಿನು ಗಾಡಿಗೆ ಹಾಕಿರುತ್ತಾರೆ.

ಆಗ ಮಾಲಕರ ತಾಯಿ ಬೀಜದಿಂದ ಕಣ್ಣೆತ್ತದೆ ಕೇಳಿದರು: "ಇವರ ಮಂಚ ಒಳಗೆ ಉಂಟಾ, ತೆಗ್ದಾಯ್ತಾ?"

"ಉಂಟಮ್ಮ. ಅದನ್ನೇ ನಾನು ದಿನಾ ಹೇಳುದು, ತೆಗೀರಿ ಅಂತ."

"ಹಾಗಾದ್ರೆ ಮನೆ ಖಾಲಿ ಆದದ್ದು ಎಲ್ಲಿ?" ಎಂದರು ಅಜ್ಜಿ. "ಮಲಗುವ ಮಂಚ ಇರುವಾಗ ಮನೆ ಇವರದ್ದೇ. ಈ ಮಗಳು ಇವರ ನೆಂಟಳು, ನಾಲ್ಕು ದಿನ ಇರ್ಲಿಕ್ಕೆ ಬಂದದ್ದು. ಆಟಿಯಲ್ಲಿ ನೆಂಟರು ಬರ್ಬಾರ್ದು ಅಂತ ಎಲ್ಲಿ ಉಂಟು? ಸೋಣಕ್ಕೆ ಮಂಚ ಹೊರಗೆ ಹೋಗ್ಲಿ, ಅವಳು ಹಾಲುಕ್ಕಿಸ್ಲಿ."

ಮೊದಲು ಬಾಯಿ ಬಿಟ್ಟವರು ಮಾಲಕರೇ. "ಖಾಲಿ ಆಗ್ಲಿಲ್ಲಾಂದ್ರೆ, ಈ ತಿಂಗಳ ಬಾಡಿಗೆ ಪೇಪರಿನವರು ಕೊಡ್ಬೇಕಾಗ್ತದಲ್ಲ?"

"ನಿನ್ನ ಕುತ್ತಿಗೆ" ಎಂದರು ಅಜ್ಜಿ. ಒಂದು ಬೀಜ ಮಗನ ಕಾಲಿನ ಬುಡಕ್ಕೆ ಬಂದು ಬಿತ್ತು. ಎಸೆದದ್ದೋ ಜಾರಿದ್ದೋ ನಾನು ಖಚಿತವಾಗಿ ಹೇಳಲಾರೆ. "ಇರುವವಳು ಕೊಡ್ತಾಳೆ ಬಾಡಿಗೆ."

ಟೀಚರ್ ನಗುತ್ತ, "ನೆಂಟರು ಬಾಡಿಗಿ ಕೊಡೂದು ಇಲ್ಲೇ ನೋಡಿದ್ದು" ಎಂದು ಚೀಲದಿಂದ ಹಣ ತೆಗೆದರು. ಆ ದಿನದಿಂದ ಆಟಿ ಮುಗಿಯುವವರೆಗಿನ ಬಾಡಿಗೆ, ಜೊತೆಗೆ ಅಡ್ವಾನ್ಸ್. ಮಾಲಕರು ಎರಡು ಸಲ ಎಣಿಸಿದರು. ಮೊಳೆಗೆ ಐವತ್ತರಂತೆ ಏಳುನೂರು ರೂಪಾಯಿ ಬೇರೆ ತೆಗೆದಿಟ್ಟು, ಉಳಿದದ್ದನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಹೆಂಡತಿಗೆ ಕೊಟ್ಟೆ. ಅವಳು ಎಣಿಸಲಿಲ್ಲ.

"ಮೊಳೆಗೆ ಐವತ್ತು ಸರಿ" ಎಂದಳು ಮಾಲಕರಿಗೆ. "ನಾನು ನೆಟ್ಟ ಬಸಳೆಗೆ ಎಷ್ಟು ಹಾಕ್ತೀರಿ ಅಣ್ಣ?"

"ಅದು ನಿಮ್ಮ ನೆಂಟರಿಗೆ ಇರ್ಲಿ ಅಕ್ಕಾ" ಎಂದರು ಅವರು, ಏನೂ ನಾಚಿಕೆಯಿಲ್ಲದೆ. ಎಲ್ಲರೂ ನಕ್ಕೆವು. ಚಹಾ ಬಂತು, ಹಲಸಿನ ಹಪ್ಪಳವೂ ಬಂತು.

ಆಟಿ ಮುಗಿಯುವವರೆಗೆ ಮಂಚ ಸವಣೂರಿನಲ್ಲೇ ಇರಬೇಕಾಯಿತು. ಕಡಬದಲ್ಲಿ ನಾವು ಚಾಪೆಯ ಮೇಲೆ ಮಲಗಿದೆವು. ನೆಲ ತಂಪು ಎಂದು ಒಮ್ಮೆಯೂ ಯಾರೂ ದೂರಲಿಲ್ಲ. ಸೋಣದ ಮೊದಲ ದಿನ ಬೆಳಿಗ್ಗೆ ಸುಳ್ಯದ ಅಂಗಡಿ ತೆರೆಯುವಾಗ ಮೆಟ್ಟಿಲಿನಲ್ಲಿ ಇದ್ದವರು ನಾವು ಇಬ್ಬರು. ಮಷಿನನ್ನು ಪಿಕಪ್‌ಗೆ ಹಾಕಿಸಿ, ಸವಣೂರಿನ ದಾರಿಯಾಗಿ ಬಂದೆವು. ಟೀಚರ್ ಆಗಲೇ ಹಾಲುಕ್ಕಿಸಿ, ಮಂಚವನ್ನು ಜಗಲಿಗೆ ತಂದು ನಿಲ್ಲಿಸಿದ್ದರು. ನಮಗೆ ಬಸಳೆ ಪಲ್ಯ ಮತ್ತು ಜೋಳದ ರೊಟ್ಟಿ ಕೊಟ್ಟರು. ಮಾಲಕರು ಮಂಚದ ಒಂದು ಕಾಲು ಹಿಡಿದು ಗಾಡಿಗೆ ಏರಿಸಲು ಸಹಾಯ ಮಾಡಿದರು.

ಆ ಟೀಚರಿಂದ ಕಲಿತದ್ದನ್ನು ಕಡಬದಲ್ಲೂ ಜಾರಿಗೆ ತರೋಣ ಎಂದು, ಮರುವಾರ ಇಲ್ಲಿನ ಮಾಲಕರ ಬಳಿ ಹೋದೆ. ಕಡೆಯ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿಯುವ ಒಂದು ಸಾಲನ್ನು ಕರಾರಿಗೆ ಸೇರಿಸಬಹುದೇ ಎಂದು ಕೇಳಿದೆ. ಅವರು ಗೌರವದಿಂದ ಕೇಳಿಸಿಕೊಂಡರು. ಕುರ್ಚಿ ಹಾಕಿದರು. ಒಳಗೆ ತಿರುಗಿ ಚಹಾಕ್ಕೆ ಹೇಳಿದರು.

"ಬರೆಯುವ, ಅದಕ್ಕೆಂತ? ಈ ಚೌತಿ ಒಂದು ಕಳೀಲಿ" ಎಂದರು.

ಮನೆಗೆ ಬಂದು ಹೇಳಿದೆ. ಮುಂದಿನ ಕೋಣೆಯಲ್ಲಿ ಮಷಿನು ಓಡುತ್ತಿತ್ತು; ಪಕ್ಕದಲ್ಲಿ ಹೊಲಿಯಲು ಬಂದ ರವಕೆಗಳ ಕಟ್ಟು. ಹೆಂಡತಿ ಪೆಡಲಿನಿಂದ ಕಾಲು ತೆಗೆಯದೆ ನಕ್ಕಳು. ಗೋಡೆಯ ಉದ್ದಕ್ಕೂ, ಕಿಟಕಿಯ ಸರಳಿನಿಂದ ಸರಳಿಗೆ ಒಂದು ಹಗ್ಗ ಕಟ್ಟಿ, ಹೊಲಿದು ಮುಗಿಸಿದವನ್ನು ಅದರ ಮೇಲೆ ಹಾಕಿದ್ದಳು. ಈ ಗೋಡೆಗೆ ಅವಳು ಒಂದು ಮೊಳೆಯನ್ನೂ ಹೊಡೆದಿರಲಿಲ್ಲ.