ಉಪ್ಪಿಲ್ಲದ ಒಂದು ಸೌಟು

ಪುಂಡಿ ಸೊಪ್ಪು ಬೇಯುವ ಹುಳಿ ವಾಸನೆ ಯಾರ ಮನೆಯಿಂದ ಬಂದರೂ ನಾನು ಅಲ್ಲೇ ನಿಂತುಬಿಡುತ್ತೇನೆ. ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಬಾಡಿಗೆ ಮನೆಯಲ್ಲಿ ಅವ್ವ ಬೆಂದ ಸೊಪ್ಪು, ಬೇಳೆ, ಜೋಳದ ನುಚ್ಚನ್ನು ಕೂಡಿಸಿ ನುಣ್ಣಗೆ ಮಸೆಯುತ್ತಿದ್ದಳು. ಉಪ್ಪು ಹಾಕುವ ಮೊದಲು ಒಂದು ಸೌಟು ಪಲ್ಯ ತೆಗೆದು ಪಿಂಗಾಣಿ ಬಟ್ಟಲಲ್ಲಿ ಮುಚ್ಚಿಟ್ಟು, ಎಲ್ಲರದೂ ಆದಮೇಲೆ ಅದನ್ನು ತಾನೇ ಉಣ್ಣುತ್ತಿದ್ದಳು. "ಯಾಕವ್ವಾ ಸಪ್ಪಂದು?" ಎಂದರೆ, "ನಮ್ಮವ್ವ ಹಂಗ ಮಾಡ್ತಿದ್ಲು. ನೀ ಸುಮ್ನ ಉಣ್ಣು" ಎನ್ನುತ್ತಿದ್ದಳು. ತಾಯಿಯ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟೇ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡು, ಕರೂರಿನಲ್ಲಿ ಅಪ್ಪನ ಕಡೆಯವರ ಕೈಯಲ್ಲಿ ಬೆಳೆದವಳು. ಎರಡು ಮನೆಗಳಿಗೆ ಏನೋ ಜಗಳವಾಗಿ, ತಾಯಿಯ ತವರೂರಿನ ಹೆಸರನ್ನೂ ಅಲ್ಲಿ ಯಾರೂ ಎತ್ತುತ್ತಿರಲಿಲ್ಲ. ಪಂಚಮಿಗೆ ಓಣಿಯ ಹೆಂಗಸರು ತವರಿಗೆ ಹೊರಟರೆ ಅವ್ವ ಅವರ ಚೀಲಗಳನ್ನು ಆಟೋಗೆ ಎತ್ತಿಕೊಟ್ಟು, ಆಟೋ ತಿರುವು ದಾಟುವ ತನಕ ಬಾಗಿಲಲ್ಲೇ ನಿಂತಿರುತ್ತಿದ್ದಳು.

ಅವ್ವ ಹೋದ ಮೇಲೆ, ನನಗೆ ಊಟ ಸೇರದ ದಿನಗಳಲ್ಲಿ, ಪಕ್ಕದ ಮನೆಯವರು ಒಂದು ತೆಳ್ಳನೆಯ ಅಡುಗೆ ಪುಸ್ತಕ ಕೊಟ್ಟರು. ಕುರುಗೋಡಿನ ಕಡೆಯ ಹೆಂಗಸರ ಸಂಘವೊಂದು ಮನೆಮನೆಗೆ ಹೋಗಿ ಕೇಳಿ ಬರೆದು ಅಚ್ಚು ಹಾಕಿಸಿದ್ದು. ಪುಂಡಿ ಪಲ್ಯದ ಪುಟದಲ್ಲಿ ಹೀಗಿತ್ತು: 'ಉಪ್ಪು ಹಾಕುವ ಮೊದಲು ಒಂದು ಸೌಟು ತೆಗೆದಿಡಬೇಕು.' ಯಾಕೆಂದು ಬರೆದಿರಲಿಲ್ಲ. ಕೆಳಗೆ, ಹೇಳಿಕೊಟ್ಟವರು ಕುರುಗೋಡಿನ ಗಂಗಮ್ಮ ಎಂದಿತ್ತು. ಬೇರೆ ಯಾರ ಮನೆಯಲ್ಲೂ ನಾನು ಕಾಣದಿದ್ದ ಪದ್ಧತಿ ಅದು. ಮರುದಿನವೇ ಬಸ್ಸು ಹತ್ತಿದೆ.

ಗಂಗಮ್ಮ ತುಂಬ ಮುದುಕಿ. ಕಟ್ಟೆಯ ಮೇಲೆ ಸೊಪ್ಪು ಸೋಸುತ್ತಿದ್ದರು. ಆ ಸೌಟಿನ ಬಗ್ಗೆ ಕೇಳಿದ್ದಕ್ಕೆ ಬೊಚ್ಚು ಬಾಯಿ ತೆರೆದು ನಕ್ಕರು. "ಅಯ್ಯ, ಅದನ್ನೂ ಬರಕೊಂಡಾರೇನ್ರಿ! ಈಗ ಬಳ್ಳಾರಿ ಮಂದಿಯೆಲ್ಲಾ ಒಂದೊಂದು ಸೌಟು ತೆಗೆದಿಡಾಕ ಹತ್ಯಾರೇನು? ನಮ್ಮಜ್ಜಿಗೆ ಕಾಲು ಬಾಯ್ತಿದ್ವು, ಉಪ್ಪು ಉಣಬಾರದಂತಂದಿದ್ರು. ಅದಕ್ಕ ಆಕಿ ಪಾಲು ಮೊದಲ ತೆಗೀತಿದ್ವಿ. ಆಕಿ ಹೋದಮ್ಯಾಲೂ ಆ ರೂಢಿ ಬಿಡಲಿಲ್ಲ, ನಂಗೂ ನಮ್ಮಕ್ಕಗೂ."

"ನಿಮ್ಮಕ್ಕ ಎಲ್ಲಿದಾರ್ರಿ?"

"ಕರೂರಿಗೆ ಕೊಟ್ಟಿದ್ವಿ. ಜ್ವರ ಬಂದು ಸಣ್ಣ ವಯಸ್ಸಿಗೇ ಹೋದ್ಲು. ಹುಲಿಗೆಮ್ಮ ಅಂತ ಒಂದು ಹೆಣ್ಣು ಕೂಸಿತ್ತು. ನಮ್ಮನ್ನ ನೋಡಾಕ ಬಿಡಲಿಲ್ಲ ಆ ಮನಿಯವ್ರು."

"ನಾನು ಹುಲಿಗೆಮ್ಮನ ಮಗಳು" ಎಂದೆ.

ಸೊಪ್ಪಿನ ಮೊರ ಅವರ ತೊಡೆಯಿಂದ ಜಾರಿತು. ನನ್ನ ಗದ್ದ ಹಿಡಿದೆತ್ತಿ ಮುಖ ನೋಡಿ, "ಬಂದ ಕೂಡ್ಲೆ ಹೇಳಬಾರದೇನ ಹುಚ್ಚಿ? ಮನಿ ಮಗಳನ್ನ ಕಟ್ಟಿಮ್ಯಾಲೆ ಕುಂದ್ರಿಸಿ ಮಾತಾಡಾಕ ಹತ್ತೀನಲ್ಲ" ಎಂದು ಬೈದರು. ಆಮೇಲೆ ಕೇಳಿದರು, "ಹುಲಿಗಿ ಹೆಂಗದಾಳ?"

"ಅವ್ವ ತೀರಿಹೋದ್ಲು" ಎಂದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡರು. ಹೊರಡುವಾಗ ನನ್ನ ಉಡಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕಿ, "ಇದು ನಿಮ್ಮವ್ವಗ ಸೇರಬೇಕಾದದ್ದು. ಪಂಚಮಿಗೆ ಬಾ, ನಿಂದು ಬ್ಯಾರೆ ತುಂಬತೀನಿ" ಎಂದರು.

ಪಂಚಮಿ ಬಂತು. ಅವ್ವನ ಪಿಂಗಾಣಿ ಬಟ್ಟಲನ್ನು ಸೀರೆಯಲ್ಲಿ ಸುತ್ತಿ ಚೀಲದೊಳಗಿಟ್ಟುಕೊಂಡೆ. ಬಾಗಿಲಲ್ಲಿ ಎತ್ತಿಕೊಡುವವರು ಯಾರೂ ಇರಲಿಲ್ಲ. ಚೀಲವನ್ನು ನಾನೇ ಆಟೋಗೆ ಎತ್ತಿಟ್ಟುಕೊಂಡು, ತಿರುವು ದಾಟುವ ತನಕ ಆ ಬಾಗಿಲನ್ನೇ ನೋಡುತ್ತಿದ್ದೆ.